‘ಅಡ್ಡಿಲ್ಲ’ ಅಂದವರಿಗೆ ಯಾವ ಚೌಕದಲ್ಲಿ ಟಿಕ್ ಹಾಕಲಿ? ಆರೋಗ್ಯದ ಪ್ರಶ್ನಾವಳಿ ಮಾಡಿಸುವವರಿಗೆ ಒಂದು ಬಹಿರಂಗ ಪತ್ರ

ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ,
ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗದ ಮುಖ್ಯಸ್ಥರಿಗೆ,
ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗಳ ಸದಸ್ಯರಿಗೆ

ಮಾನ್ಯರೇ,

ನಾನು ಕುಮಟಾ ತಾಲೂಕಿನ ಒಂದು ಹಳ್ಳಿಯವಳು. ಎಂಟು ವರ್ಷದಿಂದ ಮನೆ ಮನೆಗೆ ಹೋಗಿ ಆರೋಗ್ಯದ ಸರ್ವೆ ಮಾಡುತ್ತಿದ್ದೇನೆ. ಒಂದು ವರ್ಷ ಒಂದು ಸಂಸ್ಥೆಗೆ, ಮತ್ತೊಂದು ವರ್ಷ ಇನ್ನೊಂದಕ್ಕೆ. ಕೆಲಸ ಮಾತ್ರ ಅದೇ. ಕೊಟ್ಟ ಹಾಳೆಯಲ್ಲಿದ್ದ ಪ್ರಶ್ನೆ ಓದುವುದು, ಎದುರಿಗೆ ಕೂತವರು ಹೇಳಿದ್ದಕ್ಕೆ ಟಿಕ್ ಹಾಕುವುದು. ಕಾರವಾರದ ಮೀನುಗಾರರ ಕೇರಿ, ಅಂಕೋಲೆಯ ಹಾಲಕ್ಕಿ ಕೊಪ್ಪ, ಶಿರಸಿ ಸಿದ್ದಾಪುರದ ತೋಟದ ಮನೆ, ಯಲ್ಲಾಪುರದ ಕಾಡಂಚಿನ ಸಿದ್ದಿಯರ ಮನೆ, ಎಲ್ಲ ಕಡೆ ಜಗಲಿಯ ಮೇಲೆ ಕೂತು ಬರೆದುಕೊಂಡಿದ್ದೇನೆ.

ಈ ಹಾಳೆಗಳಲ್ಲಿ ಒಂದು ಬಗೆಯವು ‘ಜೀವನದ ಗುಣಮಟ್ಟ’ದ ಪ್ರಶ್ನಾವಳಿಗಳು. ಯಾವ ಕಾಯಿಲೆ, ಯಾವ ಮಾತ್ರೆ ಎಂದು ಇವು ಕೇಳುವುದಿಲ್ಲ. ಕಾಯಿಲೆ ಇಟ್ಟುಕೊಂಡು ನಿಮ್ಮ ದಿನ ಹೇಗೆ ಸಾಗುತ್ತಿದೆ, ನಡೆಯೋಕೆ ಆಗುತ್ತಾ, ಸ್ನಾನ ಮಾಡಿಕೊಳ್ಳೋಕೆ ಆಗುತ್ತಾ, ನಿದ್ದೆ ಬರುತ್ತಾ, ಮನಸ್ಸು ಹೇಗಿದೆ ಎಂದು ಕೇಳುತ್ತವೆ. ಇಂಥ ಪ್ರಶ್ನೆಗಳು ಬೇಕೇ ಬೇಕು ಎನ್ನುವವಳು ನಾನು. ರಕ್ತದ ರಿಪೋರ್ಟು ಸರಿ ಇದ್ದರೂ ಬದುಕು ಸರಿ ಇಲ್ಲದ ಎಷ್ಟೋ ಜನರನ್ನು ನೋಡಿದ್ದೇನೆ. ಅವರ ಕಷ್ಟ ಕಾಗದದ ಮೇಲೆ ಬರಬೇಕು ಅಂದರೆ ಯಾರಾದರೂ ಅವರನ್ನೇ ಕೇಳಬೇಕು, ಅಲ್ವಾ?

ನನ್ನ ದೂರು ಇರುವುದು ಕೇಳುವ ರೀತಿಯ ಬಗ್ಗೆ. ನಾನು ತುಂಬಿಸಿ ಕೊಟ್ಟ ಹಾಳೆಗಳಲ್ಲಿ ಎಷ್ಟೋ ಉತ್ತರ ತಪ್ಪಾಗಿವೆ. ಜನ ಸುಳ್ಳು ಹೇಳಿದ್ದಲ್ಲ. ಪ್ರಶ್ನೆ ಅವರನ್ನು ಮುಟ್ಟಲಿಲ್ಲ, ಅಥವಾ ಅವರ ಉತ್ತರಕ್ಕೆ ಹಾಳೆಯಲ್ಲಿ ಜಾಗ ಇರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಒಂದು ಮಾತು. ಅಡ್ಡಿಲ್ಲ.

ಉತ್ತರ ಕನ್ನಡದಲ್ಲಿ ನಾಲ್ಕು ದಿನ ಇದ್ದವರಿಗೂ ಈ ಮಾತು ಗೊತ್ತು. ಊಟ ಹೇಗಿತ್ತು ಅಂದರೆ ಅಡ್ಡಿಲ್ಲ. ಮಗನಿಗೆ ಕೆಲಸ ಸಿಕ್ಕಿತಾ ಅಂದರೆ ಅಡ್ಡಿಲ್ಲ. ಘಟ್ಟದ ಮೇಲಿನ ಹವ್ಯಕರ ಮನೆಯಲ್ಲಿ ಅದೇ ‘ಅಡ್ಡಿಲ್ಲೆ’ ಆಗುತ್ತದೆ. ಕಾರವಾರದ ಕೊಂಕಣಿ ಮನೆಯಲ್ಲಿ ‘ಬರೆಂ ಆಸಾ’ ಎನ್ನುತ್ತಾರೆ. ಚೆನ್ನಾಗಿದೆ ಎಂಬುದಕ್ಕೂ ಇದೇ ಮಾತು, ಹೇಗೋ ನಡೀತದೆ ಎಂಬುದಕ್ಕೂ ಇದೇ. ಇನ್ನೊಬ್ಬರೆದುರು ನಮ್ಮ ಕಷ್ಟ ಯಾಕೆ ತೋಡಿಕೊಳ್ಳಬೇಕು ಎನ್ನುವಾಗಲೂ ಇದೇ. ಯಾವುದು ಯಾವ ಅರ್ಥ ಎಂದು ನಮಗೆ ದನಿಯಲ್ಲಿ ತಿಳಿಯುತ್ತದೆ. ಹಾಳೆಗೆ ದನಿ ಇಲ್ಲ. ಹಾಳೆಯಲ್ಲಿ ಮೊದಲ ಚೌಕದ ಎದುರು ‘ಯಾವ ತೊಂದರೆಯೂ ಇಲ್ಲ’ ಎಂದು ಅಚ್ಚಾಗಿರುತ್ತದೆ. ಅಡ್ಡಿ ಇಲ್ಲ, ತೊಂದರೆ ಇಲ್ಲ. ಮಾತಿಗೆ ಮಾತು ಸೇರಿತು. ಪೆನ್ನು ತಾನಾಗಿ ಅಲ್ಲಿಗೇ ಹೋಗುತ್ತದೆ.

ಅಂಕೋಲೆ ಕಡೆಯ ಒಬ್ಬ ಅಮ್ಮನ ಮನೆಗೆ ಹೋಗಿದ್ದೆ. ಮೂವತ್ತು ವರ್ಷ ತಲೆಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಆ ಹಾಳೆಯಲ್ಲಿ ಐದು ಪ್ರಶ್ನೆ. ನಡೆಯುವುದು, ತನ್ನ ಮೈಯ ಕೆಲಸ ತಾನು ಮಾಡಿಕೊಳ್ಳುವುದು, ದಿನದ ಕೆಲಸ, ನೋವು, ಮನಸ್ಸು. ಐದಕ್ಕೂ ಅವರದು ಒಂದೇ ಉತ್ತರ. “ಅಡ್ಡಿಲ್ಲ ತಂಗೀ.” ಐದೂ ಕಡೆ ಮೊದಲ ಚೌಕಕ್ಕೆ ಟಿಕ್ ಹಾಕಿದೆ. ಮೂರು ನಿಮಿಷ ಆಗಿರಬಹುದು. ಹೊರಡುತ್ತೇನೆ ಎಂದು ಎದ್ದೆ. ಅವರೂ ಏಳಲು ಹೊರಟರು. ಮೊದಲು ಎರಡೂ ಕೈ ನೆಲಕ್ಕೆ ಊರಿದರು. ಆಮೇಲೆ ಒಂದು ಕೈ ಗೋಡೆಗೆ. ಒಂದು ಮಂಡಿ ನೇರ ಮಾಡಿ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತರು, ಉಸಿರು ಬಿಟ್ಟರು, ಆಮೇಲೆ ಇನ್ನೊಂದು ಮಂಡಿ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕು, “ಕೂತ್ರೆ ಏಳೂಕೆ ಹೊತ್ತಾಗ್ತದೆ, ಅಷ್ಟೇ” ಅಂದರು.

ನಾನು ಮತ್ತೆ ಕೂತೆ. ದಿನದ ಕೆಲಸಕ್ಕೆ ತೊಂದರೆ ಇಲ್ಲ ಅಂದಿರಲ್ಲ ಅಮ್ಮಾ, ಮೀನು ಮಾರೋಕೆ ಹೋಗ್ತೀರಾ ಎಂದು ಕೇಳಿದೆ. ಎರಡು ವರ್ಷದಿಂದ ಹೋಗಿಲ್ಲ, ಸೊಸೆ ಹೋಗ್ತಾಳೆ, ತಾನು ಮೊಮ್ಮಗುವನ್ನು ನೋಡಿಕೊಳ್ಳುತ್ತೇನೆ ಅಂದರು. ಅವರ ಲೆಕ್ಕದಲ್ಲಿ ಈಗ ಅದೇ ದಿನದ ಕೆಲಸ. ಅದಕ್ಕೆ ತೊಂದರೆ ಇಲ್ಲ, ನಿಜ. ಬುಟ್ಟಿ, ಪೇಟೆ, ಸ್ವಂತ ದುಡ್ಡು, ಪೇಟೆಯಲ್ಲಿ ಪಕ್ಕ ಕೂತು ಮಾರುತ್ತಿದ್ದ ಗೆಳತಿಯರು, ಇದೆಲ್ಲ ಅವರ ಬದುಕಿಂದ ಹೋಯಿತು. ಹಾಳೆಯಲ್ಲಿ ಅದರ ಗುರುತೂ ಇಲ್ಲ. ನಡೆಯುವುದನ್ನು ಕೇಳಿದ್ದೆವು. ನೆಲದಿಂದ ಏಳುವುದನ್ನು ಯಾರೂ ಕೇಳಲಿಲ್ಲ. ನಮ್ಮಲ್ಲಿ ಊಟ, ಅಡುಗೆ, ಮೀನು ಹೆಚ್ಚುವುದು, ಅಡಿಕೆ ಸುಲಿಯುವುದು, ಇವೆಲ್ಲ ಇವತ್ತಿಗೂ ಎಷ್ಟೋ ಮನೆಯಲ್ಲಿ ನೆಲದ ಮೇಲೇ ನಡೆಯುವುದು.

ಆ ಐದು ಪ್ರಶ್ನೆಯ ಹಾಳೆ ಇಕ್ಯೂ-5ಡಿ ಎಂಬುದು ನಿಮಗೆ ಗೊತ್ತಿರುತ್ತದೆ. ಓದುಗರಿಗಾಗಿ ಎರಡು ಮಾತು. ಯುರೋಪಿನ ಸಂಶೋಧಕರು 1987ರಲ್ಲಿ ಸೇರಿ ಶುರುಮಾಡಿದ ಗುಂಪು ಅದನ್ನು ಮಾಡಿದ್ದು. ಮೊದಲು ಪ್ರತಿ ಪ್ರಶ್ನೆಗೆ ಮೂರೇ ಆಯ್ಕೆ ಇತ್ತು. ಸಣ್ಣ ತೊಂದರೆ ಇದ್ದವರೆಲ್ಲ ‘ಇಲ್ಲ’ ಎನ್ನುವ ಚೌಕಕ್ಕೇ ಬಂದು ಗುಂಪಾಗುತ್ತಿದ್ದರು. ಅದಕ್ಕೇ ಮುಂದೆ ಐದು ಆಯ್ಕೆ ಮಾಡಿದರು. 243 ಬಗೆಯ ಉತ್ತರ ಬರುತ್ತಿದ್ದ ಕಡೆ 3125 ಬಗೆ ಬರುವಂತಾಯಿತು. ತಮ್ಮ ಹಾಳೆಯಲ್ಲಿ ಕೊರತೆ ಇದೆ ಎಂದು ಮಾಡಿದವರೇ ಒಪ್ಪಿ ತಿದ್ದಿದ್ದಾರೆ. ಆದರೆ ಐದು ಮೆಟ್ಟಿಲು ಮಾಡಿ ಏನು ಪ್ರಯೋಜನ, ನಮ್ಮ ಅಮ್ಮಂದಿರು ಮೊದಲ ಮೆಟ್ಟಿಲಲ್ಲೇ ನಿಂತು ಅಡ್ಡಿಲ್ಲ ಅಂದರೆ?

ಇದು ಬರೀ ಮಾತಿನ ವಿಷಯ ಅಲ್ಲ. ಈ ಟಿಕ್‌ಗಳು ಅಂಕಿ ಆಗುತ್ತವೆ. ಪೂರ್ತಿ ಆರೋಗ್ಯಕ್ಕೆ 1, ಸಾವಿಗೆ 0 ಎಂದಿಟ್ಟು, ನಡುವಿನ ಸ್ಥಿತಿಗಳಿಗೆ ಬೆಲೆ ಕಟ್ಟುತ್ತಾರೆ. ನಮ್ಮ ದೇಶದ ಜನರನ್ನೇ ಕೇಳಿ ಮಾಡಿದ ಬೆಲೆಪಟ್ಟಿ 2022ರಲ್ಲಿ ಪ್ರಕಟವಾಗಿದೆ. ಒಂದು ಚಿಕಿತ್ಸೆಗೆ ಹಾಕುವ ದುಡ್ಡಿಗೆ ಎಷ್ಟು ಒಳ್ಳೆಯ ವರ್ಷಗಳು ಸಿಗುತ್ತವೆ ಎಂದು ಈ ಅಂಕಿಗಳಿಂದಲೇ ಲೆಕ್ಕ ಹಾಕುತ್ತಾರೆ. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಇಂಥ ಲೆಕ್ಕಕ್ಕೆಂದೇ ಒಂದು ವ್ಯವಸ್ಥೆ ಇದೆ. ಈಗ ಆ ಅಂಕೋಲೆಯ ಅಮ್ಮನಿಗೆ ಮಂಡಿಯ ಆಪರೇಷನ್ ಆಯಿತು ಎಂದಿಟ್ಟುಕೊಳ್ಳಿ. ಮೊದಲೂ ‘ತೊಂದರೆ ಇಲ್ಲ’, ಆಮೇಲೂ ‘ತೊಂದರೆ ಇಲ್ಲ’. ಹಾಳೆ ಪ್ರಕಾರ ಆಪರೇಷನ್‌ನಿಂದ ಏನೂ ಲಾಭ ಆಗಲಿಲ್ಲ. ಅಂಥ ನೂರು ಹಾಳೆ ಸೇರಿದರೆ, ಈ ಚಿಕಿತ್ಸೆಗೆ ದುಡ್ಡು ಹಾಕುವುದು ದಂಡ ಎಂದು ಯಾರಾದರೂ ಬರೆದರೆ ಅವರ ತಪ್ಪು ಅನ್ನೋಕೆ ಆಗುತ್ತಾ?

ಇನ್ನೊಂದು ಹಾಳೆಯ ಮಾತು ಹೇಳಬೇಕು. 36 ಪ್ರಶ್ನೆಯದು, ಅಮೆರಿಕದಲ್ಲಿ ಹುಟ್ಟಿದ್ದು, ಎಸ್‌ಎಫ್-36 ಎನ್ನುತ್ತಾರೆ. ನನ್ನ ಕೈಗೆ ಬಂದ ಪ್ರತಿ ಅಧಿಕೃತ ಅನುವಾದ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಯಾರೋ ಗಡಿಬಿಡಿಯಲ್ಲಿ ಕೂತು ಕನ್ನಡ ಮಾಡಿದ್ದರು. ಸಾಧಾರಣ ಶ್ರಮದ ಕೆಲಸಕ್ಕೆ ಮೂಲದಲ್ಲಿ ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಆಟ, ಗಾಲ್ಫ್ ಎಂಬ ಉದಾಹರಣೆಗಳಿವೆ. ಅವನ್ನೇ ಹಾಗೇ ಎತ್ತಿ ಇಟ್ಟಿದ್ದರು. ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ ಅದನ್ನು ಹಿಡಿದುಕೊಂಡು ಒಬ್ಬ ಕೊನೆಗೌಡರ ಮನೆಗೆ ಹೋದೆ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ, ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವರು. ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟುವವರು. ಅವರಿಗೆ ಸೊಂಟ ಹಿಡಿದು ಮೂರು ವರ್ಷ ಆಗಿತ್ತು.

“ಹಲವು ಮಹಡಿಗಳ ಮೆಟ್ಟಿಲು ಹತ್ತಲು ನಿಮಗೆ ಎಷ್ಟು ತೊಂದರೆ?” ಎಂದು ಓದಿದೆ. ಅವರು ತಮ್ಮ ಮನೆಯ ಸುತ್ತ ನೋಡಿದರು. ಜಗಲಿಗೆ ಮೂರು ಮೆಟ್ಟಿಲು, ಅಷ್ಟೇ. “ಮಹಡಿ ನಮ್ಮಲ್ಲಿ ಎಲ್ಲುಂಟು ತಂಗೀ? ಮರ ಹತ್ತೂಕಾಗ್ತದಾ ಕೇಳು” ಅಂದರು. ಕೇಳಿದೆ. “ಇಲ್ಲ” ಅಂದರು. ಆ ‘ಇಲ್ಲ’ ಅನ್ನುವಾಗ ಅವರು ನನ್ನ ಕಡೆ ನೋಡಲಿಲ್ಲ. ತೋಟದ ಕಡೆ ನೋಡಿದರು. ಆ ಉತ್ತರ ಬರೆಯಲು ಹಾಳೆಯಲ್ಲಿ ಜಾಗ ಇರಲಿಲ್ಲ. ಮೆಟ್ಟಿಲಿನ ಪ್ರಶ್ನೆ ಖಾಲಿ ಬಿಟ್ಟೆ. ಸಂಜೆ ಹಾಳೆ ನೋಡಿದ ಮೇಲ್ವಿಚಾರಕರು, ಖಾಲಿ ಇರಬಾರದು, ಮೆಟ್ಟಿಲೇ ಇಲ್ಲ ಅಂದಮೇಲೆ ತೊಂದರೆಯೂ ಇಲ್ಲ ಎಂದು ಹಾಕಿ ಅಂದರು. ಹಾಕಿದೆ.

ಇದನ್ನು ಓದಿ ಯಾರಾದರೂ, ಉದಾಹರಣೆ ಬದಲಿಸಿದರೆ ಪ್ರಶ್ನಾವಳಿಯೇ ಕೆಡುತ್ತದೆ, ಬೇರೆ ದೇಶದ ಜೊತೆ ಹೋಲಿಸೋಕೆ ಬರುವುದಿಲ್ಲ ಎನ್ನಬಹುದು. ನನಗೂ ಹಾಗೇ ಹೇಳಿದ್ದರು. ಆದರೆ ನೋಡಿ, ಇದೇ ಹಾಳೆಯಲ್ಲಿ ಅಮೆರಿಕದವರು ನಡಿಗೆಯನ್ನು ‘ಬ್ಲಾಕ್’ ಲೆಕ್ಕದಲ್ಲಿ ಕೇಳಿದ್ದಾರೆ. ಒಂದು ಬೀದಿಯಿಂದ ಮುಂದಿನ ಬೀದಿಯವರೆಗೆ ಒಂದು ಬ್ಲಾಕ್. ಇಂಗ್ಲೆಂಡಿಗೆ ಹೋದಾಗ ಅದು ನಡೆಯಲಿಲ್ಲ. ಅಲ್ಲಿ ಅರ್ಧ ಮೈಲಿ, ನೂರು ಗಜ ಎಂದು ಬದಲಿಸಿದರು. ಇಂಗ್ಲಿಷಿನಿಂದ ಇಂಗ್ಲಿಷಿಗೇ ಬದಲಾವಣೆ ಬೇಕಾಯಿತು. ಹಾಗಿದ್ದಮೇಲೆ ಶಿರಸಿಯ ತೋಟದಲ್ಲಿ ‘ತುಂಬಿದ ಕೊಡಪಾನ ಎತ್ತೋಕೆ ಆಗುತ್ತಾ’, ‘ಮಳೆಗಾಲದಲ್ಲಿ ಹಳ್ಳದ ಸಂಕ ದಾಟೋಕೆ ಧೈರ್ಯ ಬರುತ್ತಾ’ ಎಂದು ಕೇಳುವುದು ತಪ್ಪು ಹೇಗೆ? ಸಂಕ ಅಂದರೆ ಹಳ್ಳದ ಮೇಲಿನ ಕಾಲುಸೇತುವೆ. ಸಂಕ ದಾಟಲಾಗದ ಮುದುಕರು ನಮ್ಮಲ್ಲಿ ಇಡೀ ಮಳೆಗಾಲ ಮನೆಯಲ್ಲೇ ಉಳಿಯುತ್ತಾರೆ. ಅವರ ಜೀವನದ ಗುಣಮಟ್ಟ ಅಳೆಯುವುದು ಅಂದರೆ ಅದನ್ನೇ ಅಳೆಯುವುದು.

ನಾನೇ ಸುಮ್ನೆ ಪ್ರಶ್ನೆ ಬದಲಿಸಬಾರದು ಎಂಬುದು ನನಗೂ ಗೊತ್ತು. ಈ ಹಾಳೆಗಳಿಗೆ ಹಕ್ಕುದಾರರು ಇದ್ದಾರೆ, ಅನುಮತಿ ಬೇಕು, ಅನುವಾದಕ್ಕೆ ಕ್ರಮ ಇದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಮತ್ತೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಬೇಕು. ಆಮೇಲೆ ಐದರಿಂದ ಎಂಟು ಜನರ ಎದುರು ಓದಿ, ನಿಮಗೆ ಏನು ಅರ್ಥ ಆಯಿತು ಎಂದು ಕೇಳಬೇಕು. 2005ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೀಗೆ ಹತ್ತು ಹಂತ ಹೇಳುತ್ತದೆ. ನನ್ನ ಪ್ರಕಾರ ಜನರ ಎದುರು ಓದಿ ಅರ್ಥ ಕೇಳುವ ಹಂತವೇ ಎಲ್ಲಕ್ಕಿಂತ ದೊಡ್ಡದು. ಆದರೆ ಬೀದರ್‌ನಿಂದ ಭಟ್ಕಳದವರೆಗಿನ ಕನ್ನಡಕ್ಕೆ ಒಂದೇ ಊರಿನ ಎಂಟು ಜನ ಸಾಕಾಗುತ್ತಾರಾ? ಗಡಿಬಿಡಿಯಲ್ಲಿ ಮಾಡಿದ ಅನುವಾದಕ್ಕಂತೂ ಆ ಎಂಟು ಜನವೂ ಇರುವುದಿಲ್ಲ.

ಅರ್ಥ ಏನಾಯಿತು ಎಂದು ಕೇಳದಿದ್ದರೆ ಏನಾಗುತ್ತದೆ, ಹೇಳುತ್ತೇನೆ. ನಮ್ಮ ಹಾಳೆಯಲ್ಲಿ ‘ಆತಂಕ ಅಥವಾ ಖಿನ್ನತೆ’ ಎಂದಿತ್ತು. ಖಿನ್ನತೆ ಅಂದರೆ ಏನು ಎಂದು ಹತ್ತರಲ್ಲಿ ಎಂಟು ಜನ ನನ್ನನ್ನೇ ಕೇಳಿದರು. ನಮ್ಮ ಕಡೆ ಚಿಂತೆಗೆ ‘ತಲೆಬಿಸಿ’ ಎನ್ನುತ್ತಾರೆ. ಹೊರಗಿನಿಂದ ಬಂದ ಒಬ್ಬ ಹುಡುಗ ಅದನ್ನು ಜ್ವರ ಎಂದು ಬರೆದುಕೊಂಡಿದ್ದ. ಬರೀ ‘ಬೇಜಾರು’ ಅಂದರೆ ಒಬ್ಬರಿಗೆ ಹೊತ್ತು ಹೋಗದಿರುವುದು, ಇನ್ನೊಬ್ಬರಿಗೆ ಗಂಡ ಸತ್ತ ದುಃಖ. ಅಲ್ಲದೆ ಆತಂಕ, ಖಿನ್ನತೆ ಎರಡನ್ನೂ ಒಂದೇ ಸಾಲಲ್ಲಿ ಕೇಳಿದರೆ ಉತ್ತರ ಯಾವುದಕ್ಕೆ ಬಂತು ಎಂದು ತಿಳಿಯುವುದು ಹೇಗೆ? ಬೋಟಿಗೆ ಹೋದ ಮಗ ಬರುವವರೆಗೆ ತಾಯಿಗೆ ತಲೆಬಿಸಿ ಇರುತ್ತದೆ. ಆಕೆಗೆ ಬದುಕೇ ಬೇಡ ಅನ್ನಿಸಿಲ್ಲ. ಎರಡಕ್ಕೂ ಒಂದೇ ಟಿಕ್.

ಕಾರವಾರದ ಕೊಂಕಣಿ ಮನೆಗಳಲ್ಲಿ, ಮುಂಡಗೋಡ ಹಳಿಯಾಳದ ಮರಾಠಿ ಮನೆಗಳಲ್ಲಿ, ಭಟ್ಕಳದ ನವಾಯತಿ ಮನೆಗಳಲ್ಲಿ ಕನ್ನಡದ ಹಾಳೆ ಇಟ್ಟುಕೊಂಡು ಅಲ್ಲೇ ಬಾಯಲ್ಲಿ ಅನುವಾದ ಮಾಡುತ್ತೇವೆ. ಬೆಳಿಗ್ಗೆ ಮಾಡಿದ್ದು ಒಂದು ಬಗೆ, ಸಂಜೆ ಸುಸ್ತಾದ ಮೇಲೆ ಮಾಡಿದ್ದು ಇನ್ನೊಂದು. ನಾನೊಂದು ಹೇಳುತ್ತೇನೆ, ಜೊತೆಗೆ ಬಂದ ಆಶಾ ಅಕ್ಕ ಇನ್ನೊಂದು ಹೇಳುತ್ತಾರೆ. ಆಮೇಲೆ ಎಲ್ಲ ಒಂದೇ ಕಂಪ್ಯೂಟರಿನಲ್ಲಿ ಸೇರುತ್ತದೆ.

0ಯಿಂದ 100ರವರೆಗಿನ ಉದ್ದ ಅಳತೆಕೋಲಿನ ವಿಷಯವೂ ಇದೆ. ನೀವು ಊಹಿಸಬಹುದಾದ ಅತ್ಯುತ್ತಮ ಆರೋಗ್ಯ 100, ಅತಿ ಕೆಟ್ಟದ್ದು 0, ಇವತ್ತು ನೀವು ಎಲ್ಲಿದ್ದೀರಿ ತೋರಿಸಿ ಎಂದು ಕೇಳಬೇಕು. ಶಾಲೆಗೆ ಹೋದವರಿಗೆ ಅದು ಮಾರ್ಕು. ನಪಾಸು ಆಗಬಾರದು ಎಂದು 35ಕ್ಕಿಂತ ಕೆಳಗೆ ಬೆರಳು ಇಡುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಅಜ್ಜಿ ಕೋಲನ್ನೇ ನೋಡುತ್ತ ಕೂತರು. ಕೊನೆಗೆ, “ನೂರು ದೇವ್ರಿಗೇ ಇರಲಿ ಮಗಾ, ನನಗೆ ಎಷ್ಟು ಹಾಕ್ಬೇಕು ನೀನೇ ಹಾಕು” ಅಂದರು. ಆ ಅಜ್ಜಿಗೆ ತನ್ನ ಆರೋಗ್ಯ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಬಾವಿಯಿಂದ ಎಷ್ಟು ಕೊಡ ನೀರು ಸೇದುತ್ತಿದ್ದೆ, ಈ ವರ್ಷ ಎಷ್ಟು ಎಂದು ಕೊಡದ ಲೆಕ್ಕದಲ್ಲಿ ಹೇಳಿದರು. ಅಳತೆ ಅವರ ಹತ್ತಿರ ಇತ್ತು. ನಮ್ಮ ಕೋಲು ಅವರಿಗೆ ಹೊಂದಲಿಲ್ಲ.

ಈಗ ಹೇಳಲು ಕಷ್ಟವಾದ ಒಂದು ಮಾತು.

ನನ್ನ ಅಮ್ಮನಿಗೆ ಎರಡೂ ಕಿಡ್ನಿ ಸೋತಿವೆ. ವಾರಕ್ಕೆ ಎರಡು ದಿನ ಡಯಾಲಿಸಿಸ್. ಒಂದು ದಿನ ಅಮ್ಮನನ್ನು ಡಯಾಲಿಸಿಸ್ ಮುಗಿಸಿ ಹೊರಗಿನ ಬೆಂಚಿನ ಮೇಲೆ ಮಲಗಿಸಿ ಔಷಧಿ ತರಲು ಹೋಗಿದ್ದೆ. ಬರುವಷ್ಟರಲ್ಲಿ ಒಬ್ಬ ಹುಡುಗ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಅಮ್ಮನ ಪಕ್ಕ ಕೂತು ಪ್ರಶ್ನೆ ಕೇಳುತ್ತಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸುತ್ತಿದ್ದರು. “ಅಡ್ಡಿಲ್ಲ… ಹೂಂ… ಅಡ್ಡಿಲ್ಲ.” ಹುಡುಗ ಒಳ್ಳೆಯವನೇ. ನಮಸ್ಕಾರ ಮಾಡಿ ಎದ್ದು ಹೋದ. ಹೋಗುವಾಗ ಹಾಳೆ ಕಂಡಿತು. ಮೊದಲ ಚೌಕಗಳು ಸಾಲಾಗಿ ತುಂಬಿದ್ದವು. ಆ ಸಾಲು ನನಗೆ ಗುರುತು ಸಿಕ್ಕಿತು. ಎಂಟು ವರ್ಷ ನಾನೂ ಹಾಗೇ ಟಿಕ್ ಹಾಕಿದವಳು.

ಅಮ್ಮನ ಬದುಕು ಆ ಹಾಳೆಯಲ್ಲಿ ಎಲ್ಲಿತ್ತು? ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ಒಂದು ತಂಬಿಗೆಯಲ್ಲಿ ಅಳೆದಿಟ್ಟು, ಗುಟುಕು ಗುಟುಕಾಗಿ ರಾತ್ರಿಯವರೆಗೆ ಮುಟ್ಟಿಸುತ್ತಾರೆ. ಏಪ್ರಿಲ್ ಮೇ ತಿಂಗಳ ಕುಮಟೆಯ ಸೆಕೆ ಗೊತ್ತಲ್ಲ? ಮನೆಮಂದಿಯೆಲ್ಲ ಮಾವಿನಕಾಯಿಯ ಅಪ್ಪೆಹುಳಿ ಕುಡಿಯುವಾಗ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ಅಂಗಳದ ತುಂಬ ತೆಂಗಿನ ಮರ, ಎಳನೀರು ಮುಟ್ಟುವಂತಿಲ್ಲ, ಪೊಟ್ಯಾಶಿಯಂ ಏರುತ್ತದೆ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಕೈಯಲ್ಲಿ ಭಾರ ಎತ್ತುವಂತಿಲ್ಲ. ರಾತ್ರಿ ಮೈ ತುರಿಕೆ, ನಿದ್ದೆ ಇಲ್ಲ. ನಾನು ಮಲಗಿದ್ದೇನೆ ಎಂದುಕೊಂಡು, ಮಗಳಿಗೆ ಭಾರವಾದೆ ಎಂದು ಅಳುತ್ತಾರೆ. ಕಿಡ್ನಿ ರೋಗಿಗಳಿಗೆಂದೇ ಮಾಡಿದ ಪ್ರಶ್ನಾವಳಿ ಜಗತ್ತಿನಲ್ಲಿ ಇದೆ. ಕೆಡಿಕ್ಯೂಒಎಲ್-36 ಎಂದು ಹೆಸರು. ನೀರಿನ ಮಿತಿ, ಊಟದ ಪಥ್ಯ, ತುರಿಕೆ, ಮನೆಯವರಿಗೆ ಹೊರೆಯಾದೆ ಎಂಬ ಭಾವನೆ, ಇದನ್ನೆಲ್ಲ ಅದು ಕೇಳುತ್ತದೆ. ಆವತ್ತು ಅಮ್ಮನಿಗೆ ಕೇಳಿದ್ದು ಅದಲ್ಲ. ಎಲ್ಲ ಕಾಯಿಲೆಗೂ ಸಲ್ಲುವ ಸಾಮಾನ್ಯ ಹಾಳೆ. ಅದು ಬೇಡ ಎಂದಲ್ಲ. ಕಾಯಿಲೆಗೆ ತಕ್ಕ ಇನ್ನೊಂದು ಹಾಳೆ ಜೊತೆಗೆ ಬೇಕು.

ಕೇಳಿದ ಹೊತ್ತನ್ನೂ ನೋಡಿ. ‘ಇವತ್ತು ನಿಮ್ಮ ಆರೋಗ್ಯ ಹೇಗಿದೆ’ ಎಂಬ ಪ್ರಶ್ನೆಗೆ ಡಯಾಲಿಸಿಸ್ ಆದ ಗಂಟೆಯಲ್ಲಿ ಒಂದು ಉತ್ತರ, ಮರುದಿನ ಬೆಳಿಗ್ಗೆ ಇನ್ನೊಂದು. ಕೆಲವು ಹಾಳೆ ಇವತ್ತಿನದು ಕೇಳುತ್ತವೆ, ಕೆಲವು ಎರಡು ವಾರದ್ದು, ಕೆಲವು ನಾಲ್ಕು ವಾರದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನದಲ್ಲಿ ಮೀನುಗಾರನನ್ನು ಕಂಡು, ನೋವಿನಿಂದ ನಿಮ್ಮ ಕೆಲಸಕ್ಕೆ ಅಡಚಣೆ ಆಯಿತಾ ಅಂದರೆ ಏನು ಹೇಳಬೇಕು? ಕೆಲಸವೇ ಇಲ್ಲ. ಇಲ್ಲ, ಆಗಿಲ್ಲ ಎನ್ನುತ್ತಾನೆ. ಯಾವ ತಿಂಗಳು, ಯಾವ ಹೊತ್ತು ಎಂದು ಬರೆಯುವ ಒಂದು ಗೆರೆ ಹಾಳೆಯಲ್ಲಿ ಇದ್ದರೆ ಓದುವವರಿಗಾದರೂ ತಿಳಿದೀತು.

ಒಳ್ಳೆಯದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಶ್ನಾವಳಿಯನ್ನು ಒಂದೇ ದೇಶದಲ್ಲಿ ಕೂತು ಬರೆಯಲಿಲ್ಲ. ಬೇರೆ ಬೇರೆ ದೇಶಗಳ 15 ಕೇಂದ್ರಗಳಲ್ಲಿ ಜನರನ್ನು ಕೂರಿಸಿ, ಒಳ್ಳೆಯ ಬದುಕು ಅಂದರೆ ನಿಮಗೆ ಏನು ಎಂದು ಕೇಳಿ ಕಟ್ಟಿತು. ಚೆನ್ನೈ, ದೆಹಲಿ ಎರಡೂ ಅದರಲ್ಲಿದ್ದವು. ಅದರ 26 ಪ್ರಶ್ನೆಯ ಚಿಕ್ಕ ರೂಪದಲ್ಲಿ, ಆಸ್ಪತ್ರೆ ಸೌಲಭ್ಯ ನಿಮಗೆ ಸಮಾಧಾನ ತಂದಿದೆಯಾ, ಓಡಾಟದ ಅನುಕೂಲ ಹೇಗಿದೆ ಎಂಬ ಎರಡು ಪ್ರಶ್ನೆ ಇವೆ. ನಮ್ಮ ಜಿಲ್ಲೆಯಲ್ಲಿ ಅವೆರಡಕ್ಕೂ ಜನ ಚೌಕ ನೋಡುವುದಿಲ್ಲ, ಮಾತಾಡಲು ಶುರುಮಾಡುತ್ತಾರೆ. ದೊಡ್ಡ ಕಾಯಿಲೆ ಬಂದರೆ ನಾವು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವವರು. ಕಾರವಾರದಿಂದ ಮಂಗಳೂರಿಗೆ 250 ಕಿಲೋಮೀಟರಿಗೂ ಜಾಸ್ತಿ. ಶಿರಸಿಯವರು ಹುಬ್ಬಳ್ಳಿಗೆ ಹೋಗಲು ಸುಮಾರು 100 ಕಿಲೋಮೀಟರು. ಆ ದಾರಿಯಲ್ಲಿ ಜೀವ ಹೋದವರ ಕತೆ ಪ್ರತಿ ಊರಲ್ಲೂ ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಇಡೀ ಜಿಲ್ಲೆ ಬೀದಿಗಿಳಿದಿದ್ದು ನಿಮಗೂ ಗೊತ್ತು. ಒಂದು ಪ್ರಶ್ನೆ ಜನರ ಬದುಕಿಗೆ ತಾಗಿದರೆ ಹೇಗೆ ಉತ್ತರ ಬರುತ್ತದೆ ಎಂದು ನಾನು ಕಂಡಿದ್ದು ಅಲ್ಲಿ.

ಅದೇ ಹಾಳೆಯಲ್ಲಿ ಲೈಂಗಿಕ ಜೀವನದ ಬಗ್ಗೆಯೂ ಒಂದು ಪ್ರಶ್ನೆ ಇದೆ. ಇರಬೇಕಾದ್ದೇ. ಆದರೆ ಅದನ್ನು ಅತ್ತೆ, ಮಾವ, ಮಕ್ಕಳು ಎಲ್ಲ ಸುತ್ತ ಕೂತ ಜಗಲಿಯಲ್ಲಿ ಕೇಳುವುದು ಹೇಗೆ? ನಾವು ಯಾರೂ ಕೇಳುವುದಿಲ್ಲ. 1ರಿಂದ 5ರವರೆಗಿನ ಆಯ್ಕೆಯಲ್ಲಿ ನಡುವಿನ 3ಕ್ಕೆ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಶೇಕಡಾ 20ಕ್ಕಿಂತ ಜಾಸ್ತಿ ಉತ್ತರ ಖಾಲಿ ಇದ್ದರೆ ಆ ಹಾಳೆ ಬಿಡಬೇಕು ಎಂಬ ನಿಯಮ ಇದೆ. ಲೆಕ್ಕ ಕೆಡಬಾರದು ಎಂದು ಮಾಡಿದ ನಿಯಮ. ನಮ್ಮ ಹತ್ತಿರ ಬರುವಷ್ಟರಲ್ಲಿ ಅದು ‘ಒಂದೂ ಖಾಲಿ ಬಿಡಬೇಡ’ ಎಂದಾಗಿರುತ್ತದೆ. ಹಾಳೆಗೆ ಇಷ್ಟು ಎಂದು ನಮಗೆ ಕೂಲಿ. ಖಾಲಿ ಇದ್ದ ಹಾಳೆಗೆ ಕೂಲಿ ಇಲ್ಲ. ದಿನಕ್ಕೆ ಹದಿನೈದು ಹಾಳೆ ಆಗಬೇಕು, ಮನೆಯಿಂದ ಮನೆಗೆ ಎರಡು ಗುಡ್ಡ ಹತ್ತಿ ಇಳಿಯಬೇಕು. ಆಗ ‘ಅಡ್ಡಿಲ್ಲ’ ಅಂದವರನ್ನು ಮತ್ತೆ ಕೆದಕಿ ಕೇಳುವ ವ್ಯವಧಾನ ಎಲ್ಲಿಂದ ಬರಬೇಕು?

ಆದ್ದರಿಂದ ನಿಮ್ಮಲ್ಲಿ ಕೆಲವು ವಿನಂತಿ.

ನೈತಿಕ ಸಮಿತಿಯವರಲ್ಲಿ ಮೊದಲು. ಒಪ್ಪಿಗೆ ಪತ್ರ ಕನ್ನಡದಲ್ಲಿದೆಯಾ ಎಂದು ನೀವು ನೋಡುತ್ತೀರಿ. ಪ್ರಶ್ನೆಗಳು ಯಾರ ಕನ್ನಡದಲ್ಲಿವೆ ಎಂದೂ ನೋಡಿ. ಅನುವಾದ ಎಲ್ಲಿಂದ ಬಂತು, ಅನುಮತಿ ಇದೆಯಾ, ಯಾವ ತಾಲೂಕಿನ ಎಷ್ಟು ಜನರ ಎದುರು ಓದಿ ಅರ್ಥ ಕೇಳಿದ್ದಾರೆ, ಅವರು ಏನು ಹೇಳಿದರು, ಇದನ್ನು ಬರೆದು ಕೊಡದ ಯೋಜನೆಗೆ ಸಹಿ ಹಾಕಬೇಡಿ. ಕರಾವಳಿಯಲ್ಲಿ ಹತ್ತು ಜನ, ಘಟ್ಟದ ಮೇಲೆ ಹತ್ತು ಜನ ಅಂದರೆ ಒಂದು ವಾರದ ಕೆಲಸ. ಓದು ಬಾರದವರು, ಹೆಂಗಸರು, ಮನೆಮಾತು ಕನ್ನಡ ಅಲ್ಲದವರು ಆ ಇಪ್ಪತ್ತರಲ್ಲಿ ಇರಲಿ. ಕೊಂಕಣಿಗೆ, ಮರಾಠಿಗೆ ನಮ್ಮ ಬಾಯಿಗೆ ಬಂದ ಅನುವಾದ ಸಾಕು ಎಂದು ಬಿಡಬೇಡಿ. ಬರೆದ ಹಾಳೆಯೋ ರೆಕಾರ್ಡ್ ಮಾಡಿದ ದನಿಯೋ ಕೊಡಿ. ಎಲ್ಲರೂ ಒಂದೇ ಪ್ರಶ್ನೆ ಕೇಳಿಸಿಕೊಳ್ಳಲಿ.

ಕಾಲೇಜಿನ ವಿಭಾಗದವರಲ್ಲಿ. ಮೂಲ ಪ್ರಶ್ನೆಗಳನ್ನು ಮುಟ್ಟದೆ ಅವುಗಳ ಪಕ್ಕ ಹೆಚ್ಚಿನ ಪ್ರಶ್ನೆ ಸೇರಿಸುವ ದಾರಿ ಇದೆ. ಇಕ್ಯೂ-5ಡಿ ಮಾಡಿದವರೇ ಅಂಥ ಜೋಡಣೆ ಪ್ರಶ್ನೆಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ನೆಲದಿಂದ ಏಳುವುದು, ಭಾರ ಎತ್ತುವುದು, ಆಸ್ಪತ್ರೆಗೆ ಹೋಗಿಬರುವ ದಾರಿ, ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿರಿ ಎಂಬುದು, ಈ ನಾಲ್ಕನ್ನು ನಮ್ಮ ಜಿಲ್ಲೆಯಲ್ಲಿ ಸೇರಿಸಿ ನೋಡಿ. ಅದರಲ್ಲೂ ಕೊನೆಯದನ್ನು ಬಿಡಬೇಡಿ. ಆ ಮೀನು ಮಾರುವ ಅಮ್ಮನ ಉತ್ತರ ಇದ್ದದ್ದು ಅದರಲ್ಲೇ. ಕೆಲವರನ್ನಾದರೂ ಹತ್ತು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳಿ. ಕಾಯಿಲೆ ಹಾಗೇ ಇದ್ದು ಉತ್ತರ ಮಾತ್ರ ಬದಲಾಗಿದ್ದರೆ, ಸಮಸ್ಯೆ ಪ್ರಶ್ನೆಯಲ್ಲಿದೆ ಎಂದು ಗೊತ್ತಾಗುತ್ತದೆ.

ಇಲಾಖೆಯವರಲ್ಲಿ. ಸರ್ವೆ ಮಾಡುವವರಿಗೆ ಹಾಳೆ ಲೆಕ್ಕದ ಕೂಲಿ ನಿಲ್ಲಿಸಿ, ದಿನದ ಲೆಕ್ಕ ಮಾಡಿ. ಖಾಲಿ ಬಿಡುವುದಕ್ಕೆ ಅವಕಾಶ ಕೊಡಿ, ಯಾಕೆ ಖಾಲಿ ಎಂದು ಬರೆಯಲು ಎರಡು ಗೆರೆ ಜಾಗ ಕೊಡಿ. ಹೆಂಗಸರನ್ನು ಹೆಂಗಸರೇ ಕೇಳಲಿ, ಒಳಗೆ ಬೇರೆ ಕೂತು ಕೇಳಲಿ. ಡಯಾಲಿಸಿಸ್ ಮುಗಿಸಿ ಬಂದು ಬೆಂಚಿನ ಮೇಲೆ ಮಲಗಿದವರನ್ನು ಆ ಹೊತ್ತಿಗೆ ಬಿಟ್ಟುಬಿಡಿ. ಇನ್ನೊಂದು ದಿನ ಮನೆಗೆ ಬನ್ನಿ. ಚಾ ಮಾಡಿ ಕೊಟ್ಟು ಮಾತಾಡುತ್ತಾರೆ. ಮತ್ತೆ, ಲೆಕ್ಕ ಮುಗಿದ ಮೇಲೆ ಏನು ಗೊತ್ತಾಯಿತು ಎಂದು ಆ ಊರಿಗೇ ಬಂದು ಒಮ್ಮೆ ಹೇಳಿ. ಎಂಟು ವರ್ಷದಲ್ಲಿ ಒಂದು ಊರಿಗೂ ಯಾರೂ ತಿರುಗಿ ಹೋಗಿ ಹೇಳಿದ್ದನ್ನು ನಾನು ಕಂಡಿಲ್ಲ. ಹೋದಾಗೆಲ್ಲ ಜನ ನನ್ನನ್ನು ಕೇಳುತ್ತಾರೆ, “ಆವತ್ತು ಬರ್ಕಂಡು ಹೋದ್ಯಲ್ಲ, ಏನಾಯ್ತು?” ನನ್ನ ಹತ್ತಿರ ಉತ್ತರ ಇಲ್ಲ.

ಅಮ್ಮನ ಘಟನೆ ಆದಮೇಲೆ ನಾನು ಎರಡು ನೋಟ್‌ಬುಕ್ ಇಟ್ಟಿದ್ದೇನೆ. ಒಂದರಲ್ಲಿ, ಹಾಳೆಯ ಯಾವ ಪ್ರಶ್ನೆಗೆ ಜನ ಏನು ಅರ್ಥ ಮಾಡಿಕೊಂಡರು ಎಂದು ಬರೆದಿದ್ದೇನೆ. ಇನ್ನೊಂದರಲ್ಲಿ, ಅಡ್ಡಿಲ್ಲ ಅಂದಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಾಗ ಅವರು ಮುಂದೆ ಏನು ಹೇಳಿದರು ಎಂದು. ಯಾರ ಹೆಸರೂ ಇಲ್ಲ, ಊರೂ ಇಲ್ಲ, ಮಾತು ಮಾತ್ರ. ಪ್ರಶ್ನಾವಳಿ ತಿದ್ದಲು ಕೂರುವ ದಿನ ಹೇಳಿ ಕಳಿಸಿ. ಕಾರವಾರವಾದರೂ ಸರಿ, ಬೆಂಗಳೂರಾದರೂ ಸರಿ, ಬಸ್ಸು ಹತ್ತಿ ಬರುತ್ತೇನೆ. ಅಮ್ಮನ ಡಯಾಲಿಸಿಸ್ ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಬಿಟ್ಟು ಯಾವತ್ತಾದರೂ ಆದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸರ್ವೆ ಕಾರ್ಯಕರ್ತೆ
ಕುಮಟಾ ತಾಲೂಕು, ಉತ್ತರ ಕನ್ನಡ